ನಿಮ್ಮ ‘ಜಗತ್ತಿನ ಸುದ್ದಿಮನೆಗಳು’ ಲೇಖನಮಾಲೆಗೆ ಸಂಪಾದಕರ ಉತ್ತರ

ನಮಸ್ಕಾರ.

ನೀವು ಕಳಿಸಿದ ಎಂಟೂ ಕಂತುಗಳನ್ನು ಓದಿದೆ. ಬ್ರಿಟನ್ನಿನ ಬಿಬಿಸಿ, ಜಪಾನಿನ ಎನ್‌ಎಚ್‌ಕೆ, ಕತಾರಿನ ಅಲ್ ಜಜೀರಾ, ಚೀನಾದ ಶಿನ್ಹುವಾ, ಫ್ರಾನ್ಸಿನ ಲ ಮೊಂದ್, ಗ್ರೀಸಿನ ಇಆರ್‌ಟಿ, ಫಿನ್ಲೆಂಡಿನ ಯೂಲೆ, ಸ್ವಿಟ್ಜರ್ಲೆಂಡಿನ ಎಸ್‌ಆರ್‌ಜಿ. ಆಯ್ಕೆ ಚೆನ್ನಾಗಿದೆ. ಕನ್ನಡದಲ್ಲಿ ಇಂಥದ್ದೊಂದು ಮಾಲೆ ಬರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಬೇಜಾರಾದರೂ ಪೂರ್ತಿ ಓದಿ.

ಎಂಟು ಕಂತುಗಳೂ ಒಂದೇ ಅಚ್ಚಿನಲ್ಲಿವೆ. ಶುರುವಾದ ವರ್ಷ, ಕೇಂದ್ರ ಕಚೇರಿ, ಎಷ್ಟು ಚಾನೆಲ್, ಎಷ್ಟು ಭಾಷೆ, ಎಷ್ಟು ದೇಶದಲ್ಲಿ ವರದಿಗಾರರು, ಆಮೇಲೆ ಧ್ಯೇಯವಾಕ್ಯ. ಕೊನೆಗೆ ‘ಮಾಧ್ಯಮ ಲೋಕದಲ್ಲಿ ತನ್ನದೇ ಆದ ಛಾಪು ಮೂಡಿಸಿದೆ’. ಈ ಸಾಲು ಇಲ್ಲದ ಕಡೆ ‘ಮಹತ್ವದ ಪಾತ್ರ ವಹಿಸಿದೆ’ ಅಂತ ಇದೆ. ಇದೆಲ್ಲ ಆ ಸಂಸ್ಥೆಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದು. ಹುಡುಗನ ಬಗ್ಗೆ ವಿಚಾರಿಸಿಕೊಂಡು ಬನ್ನಿ ಅಂತ ಕಳಿಸಿದರೆ ಅವನ ಮನೆಯವರು ಬರೆದುಕೊಟ್ಟ ಬಯೋಡೇಟಾ ತಂದ ಹಾಗಾಯಿತು. ಅಕ್ಕಪಕ್ಕದವರನ್ನು ನೀವು ಕೇಳಲೇ ಇಲ್ಲ.

ಒಂದು ಸುದ್ದಿಸಂಸ್ಥೆಯ ಪರಿಚಯದಲ್ಲಿ ನಾನು ಹುಡುಕುವುದು ಅದರ ಕಷ್ಟದ ದಿನವನ್ನು. ಸರ್ಕಾರವೋ ಮಾಲೀಕನೋ ಅದರ ಕುತ್ತಿಗೆಗೆ ಕೈ ಹಾಕಿದ ದಿನ ಅದು ಏನು ಮಾಡಿತು? ಆ ದಿನವನ್ನು ಸರಿಯಾಗಿ ಹೇಳಿದರೆ ದುಡ್ಡು ಯಾರದು, ಮುಖ್ಯಸ್ಥನನ್ನು ಕೂರಿಸುವವರು ಯಾರು, ಜನ ಅದನ್ನು ನಂಬುತ್ತಾರಾ ಅನ್ನುವುದೆಲ್ಲ ತಾನಾಗಿ ಹೊರಗೆ ಬರುತ್ತದೆ.

ನಿಮ್ಮ ಗ್ರೀಸ್ ಕಂತನ್ನೇ ತೆಗೆದುಕೊಳ್ಳಿ. ‘2013ರಲ್ಲಿ ಕೆಲಕಾಲ ಪ್ರಸಾರ ಸ್ಥಗಿತಗೊಂಡಿತ್ತು’ ಅಂತ ಬರೆದು ಮುಂದಕ್ಕೆ ಹೋಗಿದ್ದೀರಿ. ಓದಿದವರು ಕರೆಂಟ್ ಹೋಗಿತ್ತೇನೋ ಅಂದುಕೊಳ್ಳಬೇಕು! ನಡೆದದ್ದು ಬೇರೆ. ಆ ವರ್ಷ ಜೂನ್ 11ರಂದು ಸರ್ಕಾರದ ವಕ್ತಾರ ಸಿಮೋಸ್ ಕೆಡಿಕೋಗ್ಲು ಟಿವಿಯಲ್ಲಿ ಕಾಣಿಸಿಕೊಂಡು, ದೇಶದ ಸಾರ್ವಜನಿಕ ಟಿವಿ-ರೇಡಿಯೋ ಸಂಸ್ಥೆಯಾದ ಇಆರ್‌ಟಿ ಇವತ್ತೇ ಮುಚ್ಚುತ್ತದೆ ಅಂದರು. ಅವರು ಹಿಂದೆ ಅದೇ ಇಆರ್‌ಟಿಯಲ್ಲಿ ಪತ್ರಕರ್ತರಾಗಿದ್ದವರು. ಆ ರಾತ್ರಿಯೇ ಪರದೆ ಕಪ್ಪಾಯಿತು. ಎರಡೂವರೆ ಸಾವಿರಕ್ಕೂ ಜಾಸ್ತಿ ಜನರ ಕೆಲಸ ಹೋಯಿತು. ದೇಶ ಸಾಲದಲ್ಲಿ ಮುಳುಗಿತ್ತು, ಸಾಲ ಕೊಟ್ಟವರು ಸರ್ಕಾರಿ ನೌಕರಿ ಕಡಿಮೆ ಮಾಡಿ ಅಂತ ಒತ್ತುತ್ತಿದ್ದರು. ಸರ್ಕಾರದ ಕೈಗೆ ಸುಲಭವಾಗಿ ಸಿಕ್ಕಿದ್ದು ಟಿವಿ.

ನಿಜವಾದ ಕಥೆ ಇರುವುದು ಆಮೇಲೆ. ನೌಕರರು ಕಟ್ಟಡ ಬಿಟ್ಟು ಹೋಗಲಿಲ್ಲ. ಒಳಗೇ ಕೂತು ಇಂಟರ್ನೆಟ್ಟಿನಲ್ಲಿ ಸುದ್ದಿ ಓದಿದರು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಆ ಪ್ರಸಾರವನ್ನು ಎತ್ತಿಕೊಂಡು ಮತ್ತೆ ಹಂಚಿತು. ಅಥೆನ್ಸಿನ ಅಗಿಯಾ ಪರಸ್ಕೆವಿಯಲ್ಲಿರುವ ಕಚೇರಿಯ ಮುಂದೆ ಸಾವಿರಾರು ಜನ ಸೇರಿದರು. ಇಆರ್‌ಟಿಯ ಸ್ವಂತ ವಾದ್ಯವೃಂದ ಅಲ್ಲೇ ಸಂಗೀತ ಕಛೇರಿ ಕೊಟ್ಟಿತು. ಸಮ್ಮಿಶ್ರ ಸರ್ಕಾರದಲ್ಲಿದ್ದ ಒಂದು ಪಕ್ಷ ಇದೇ ಕಾರಣಕ್ಕೆ ಹೊರಗೆ ನಡೆಯಿತು. ನವೆಂಬರಿನಲ್ಲಿ ಪೊಲೀಸರು ಬಂದು ಕಟ್ಟಡ ಖಾಲಿ ಮಾಡಿಸಿದರು. ಸರ್ಕಾರ ಬದಲಾದ ಮೇಲೆ, 2015ರ ಜೂನ್ 11ಕ್ಕೆ, ಸರಿಯಾಗಿ ಎರಡು ವರ್ಷಕ್ಕೆ, ಇಆರ್‌ಟಿ ಅದೇ ಹೆಸರಲ್ಲಿ ಮತ್ತೆ ಬಂತು.

ಇಲ್ಲಿ ಇನ್ನೊಂದು ಎಳೆ ಇದೆ, ಅದನ್ನು ಬಿಡಬೇಡಿ. ಇಆರ್‌ಟಿ ಜನಪ್ರಿಯವೇನೂ ಆಗಿರಲಿಲ್ಲ. ದುಂದುವೆಚ್ಚ ಮಾಡುತ್ತದೆ, ಬಂದ ಸರ್ಕಾರಗಳೆಲ್ಲ ತಮ್ಮವರನ್ನು ಅಲ್ಲಿ ತುಂಬುತ್ತವೆ ಅಂತ ಜನರೇ ಬೈಯುತ್ತಿದ್ದರು. ಅದರ ಶುಲ್ಕ, ತಿಂಗಳಿಗೆ ನಾಲ್ಕು ಯೂರೋ ಚಿಲ್ಲರೆ, ಕರೆಂಟ್ ಬಿಲ್ಲಿನ ಜೊತೆಗೇ ಬರುತ್ತಿತ್ತು. ಹಾಗೆ ಬೈದುಕೊಂಡು ಕಟ್ಟುತ್ತಿದ್ದ ಜನ ಮುಚ್ಚುವ ಹೊತ್ತಿಗೆ ಬೀದಿಗೆ ಬಂದರು. ಯಾಕೆ? ನಿಮ್ಮ ಲೇಖನ ಇದನ್ನು ಕೇಳಬೇಕಿತ್ತು. ಇಷ್ಟನ್ನು ಬರೆದಿದ್ದರೆ ಇಆರ್‌ಟಿಗೆ ಎಷ್ಟು ಚಾನೆಲ್ ಇವೆ ಅನ್ನುವುದು ಯಾರಿಗೂ ಬೇಕಾಗುತ್ತಿರಲಿಲ್ಲ.

ಇನ್ನು ಬಿಬಿಸಿ. ಒಂದು ಪ್ಯಾರಾದಲ್ಲಿ ಅದನ್ನು ಸರ್ಕಾರಿ ಸಂಸ್ಥೆ ಅಂದಿದ್ದೀರಿ, ಮುಂದಿನ ಪ್ಯಾರಾದಲ್ಲಿ ಸಂಪೂರ್ಣ ಸ್ವತಂತ್ರ ಅಂದಿದ್ದೀರಿ. ಎರಡೂ ಸರಿಯಲ್ಲ. ಅದು ನಡೆಯುವುದು ರಾಜಮನೆತನದ ಹೆಸರಲ್ಲಿ ಹೊರಡುವ ಸನ್ನದಿನ ಮೇಲೆ. ಈಗಿನ ಸನ್ನದು 2027ರ ಕೊನೆಗೆ ಮುಗಿಯುತ್ತದೆ. ದುಡ್ಡು ಬರುವುದು ಮನೆಮನೆಯ ಲೈಸೆನ್ಸ್ ಶುಲ್ಕದಿಂದ. ಆದರೆ ಶುಲ್ಕ ಎಷ್ಟು ಅನ್ನುವುದನ್ನು ಸರ್ಕಾರ ನಿರ್ಧರಿಸುತ್ತದೆ. ಹಗ್ಗದ ಒಂದು ತುದಿ ಯಾರ ಕೈಯಲ್ಲಿದೆ ಅಂತ ಗೊತ್ತಾಯಿತಲ್ಲ.

ಆ ಹಗ್ಗ ಮೊದಲ ಸಲ ಬಿಗಿಯಾಗಿದ್ದು 1926ರ ಮೇ ತಿಂಗಳಲ್ಲಿ. ಗಣಿ ಕಾರ್ಮಿಕರ ಪರವಾಗಿ ಇಡೀ ದೇಶದಲ್ಲಿ ಮುಷ್ಕರ. ಮುದ್ರಣದವರೂ ಸೇರಿಕೊಂಡಿದ್ದರಿಂದ ಬಹುತೇಕ ಪತ್ರಿಕೆಗಳು ನಿಂತವು. ಮನೆಗೆ ಸುದ್ದಿ ತಲುಪಿಸಲು ಉಳಿದಿದ್ದು ರೇಡಿಯೋ. ಸರ್ಕಾರದ ಪತ್ರಿಕೆಯನ್ನು ನಡೆಸುತ್ತಿದ್ದ ಚರ್ಚಿಲ್‌ಗೆ ಬಿಬಿಸಿಯನ್ನೇ ವಶಕ್ಕೆ ತೆಗೆದುಕೊಳ್ಳುವ ಆಸೆ. ಪ್ರಧಾನಿ ಬಾಲ್ಡ್‌ವಿನ್ ಬೇಡ ಅಂದರು. ಬಿಬಿಸಿ ಆಗ ಇನ್ನೂ ಕಂಪನಿ. 1922ರಲ್ಲಿ ರೇಡಿಯೋ ತಯಾರಕರು ಸೇರಿ ಕಟ್ಟಿದ್ದು. 1927ರ ಜನವರಿ 1ಕ್ಕೆ ಸನ್ನದು ಪಡೆದು ಸಾರ್ವಜನಿಕ ಸಂಸ್ಥೆ ಆಗುವುದಿತ್ತು. ಅಂದರೆ ಇನ್ನು ಏಳೆಂಟು ತಿಂಗಳು ಯಾರನ್ನೂ ಎದುರು ಹಾಕಿಕೊಳ್ಳುವ ಹಾಗಿಲ್ಲ. ಮುಖ್ಯಸ್ಥ ಜಾನ್ ರೀತ್ ಏನು ಮಾಡಿದರು? ಕಾರ್ಮಿಕ ಸಂಘಟನೆಗಳ ಹೇಳಿಕೆಗಳನ್ನೂ ಸುದ್ದಿಯಲ್ಲಿ ಓದಿಸಿದರು. ಆದರೆ ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್‌ಗೆ ಮೈಕ್ ಸಿಗಲಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಶಾಂತಿಯ ಮನವಿ ಓದುತ್ತೇನೆ ಅಂದಾಗ ಅದನ್ನೂ ಮೊದಲು ತಡೆಯಲಾಯಿತು. ಪ್ರಧಾನಿ ಮಾತ್ರ ರೀತ್ ಅವರ ಮನೆಯಿಂದಲೇ ದೇಶಕ್ಕೆ ಭಾಷಣ ಮಾಡಿದರು. ನಾವು ನಿಜಕ್ಕೂ ನಿಷ್ಪಕ್ಷಪಾತಿಗಳಾಗಿ ಇರುವುದಿಲ್ಲ ಅನ್ನುವ ನಂಬಿಕೆ ಸರ್ಕಾರದವರಿಗಿದೆ ಎಂಬರ್ಥದ ಸಾಲೊಂದನ್ನು ರೀತ್ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ.

ಎಂಥ ಸಾಲು ನೋಡಿ! ನೀವು ಅವರ ಧ್ಯೇಯವಾಕ್ಯ ಬರೆದಿರಿ, ಇದನ್ನು ಬಿಟ್ಟಿರಿ. ಇದನ್ನು ಬರೆದರೆ ಬಿಬಿಸಿಯ ಮರ್ಯಾದೆ ಹೋಗುತ್ತದೆ ಅಂತ ಹೆದರಬೇಡಿ. ಹೋಗುವುದಿಲ್ಲ. ಅದು ಎಲ್ಲಿ ಬಗ್ಗಿತು, ಎಲ್ಲಿ ಬಗ್ಗಲಿಲ್ಲ ಅಂತ ಗೊತ್ತಾದ ಮೇಲೆ ಓದುಗರೇ ತೂಗಿ ನೋಡುತ್ತಾರೆ.

ಅದೇ ಕಂತಿಗೆ ಸೇರಿಸಬಹುದಾದ ಒಂದು ವಿಷಯ ನಮ್ಮ ಮನೆಯ ಹತ್ತಿರದ್ದು. 2017ರಲ್ಲಿ ಬಿಬಿಸಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಶುರು ಮಾಡಿತು. ಹಿಂದಿ, ತಮಿಳು ಮೊದಲೇ ಇದ್ದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ವಿಸ್ತರಣೆಗೆ ಹಣ ಬಂದಿದ್ದು ಲೈಸೆನ್ಸ್ ಶುಲ್ಕದಿಂದ ಅಲ್ಲ, ಬ್ರಿಟಿಷ್ ಸರ್ಕಾರ ಬೇರೆಯಾಗಿ ಕೊಟ್ಟ ಅನುದಾನದಿಂದ. ಯಾವ ಭಾಷೆಯವರ ಜೊತೆ ಮಾತಾಡಬೇಕು ಅನ್ನುವ ತೀರ್ಮಾನ ಆದದ್ದು ಆ ದುಡ್ಡಿನ ಲೆಕ್ಕದೊಳಗೆ. ಕನ್ನಡದ ಓದುಗರು ಇದನ್ನು ಕಣ್ಣರಳಿಸಿ ಓದುತ್ತಾರೆ.

ಉಳಿದ ಕಂತುಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ.

ಎನ್‌ಎಚ್‌ಕೆ ಜಾಹೀರಾತು ಹಾಕುವುದಿಲ್ಲ ಅಂತ ಹೊಗಳಿದ್ದೀರಿ, ಸರಿ. ಅದರ ಆಡಳಿತ ಮಂಡಳಿಯ ಹನ್ನೆರಡು ಜನರನ್ನು ನೇಮಿಸುವವರು ಪ್ರಧಾನಿ, ಸಂಸತ್ತಿನ ಒಪ್ಪಿಗೆ ಪಡೆದು. ಆ ಮಂಡಳಿ ಅಧ್ಯಕ್ಷರನ್ನು ಆರಿಸುತ್ತದೆ. 2014ರ ಜನವರಿಯಲ್ಲಿ ಹೊಸ ಅಧ್ಯಕ್ಷ ಕಟ್ಸುಟೊ ಮೊಮಿಯಿ ಮೊದಲ ಪತ್ರಿಕಾಗೋಷ್ಠಿಯಲ್ಲೇ, ವಿದೇಶಕ್ಕೆ ಮಾಡುವ ಪ್ರಸಾರದಲ್ಲಿ ಸರ್ಕಾರ ಬಲಕ್ಕೆ ಅಂದರೆ ನಾವು ಎಡಕ್ಕೆ ಅನ್ನಲಾಗದು ಎಂಬ ಮಾತಾಡಿ ದೇಶದಲ್ಲೆಲ್ಲ ಬೈಸಿಕೊಂಡರು. ಕಂತನ್ನು ಅಲ್ಲಿಂದ ಶುರು ಮಾಡಿ.

ಅಲ್ ಜಜೀರಾ ಹುಟ್ಟಿದ ಬಗೆಯನ್ನು ಸುಮ್ನೆ ‘1996ರಲ್ಲಿ ಸ್ಥಾಪನೆಯಾಯಿತು’ ಅಂತ ಮುಗಿಸಿದ್ದೀರಿ. ಅದೇ ವರ್ಷ ಏಪ್ರಿಲ್‌ನಲ್ಲಿ ಬಿಬಿಸಿಯ ಅರಬ್ಬಿ ಟಿವಿ ನಿಂತುಹೋಗಿತ್ತು. ಅದರ ಪಾಲುದಾರ ಸೌದಿ ಒಡೆತನದ ಕಂಪನಿ. ಸೌದಿಯನ್ನು ಟೀಕಿಸುವ ಕಾರ್ಯಕ್ರಮ ಬಂದದ್ದಕ್ಕೆ ಜಗಳ ಆಗಿ ಒಪ್ಪಂದ ಮುರಿಯಿತು. ಕೆಲಸ ಕಳೆದುಕೊಂಡ, ಚೆನ್ನಾಗಿ ಪಳಗಿದ ಪತ್ರಕರ್ತರಲ್ಲಿ ಅನೇಕರನ್ನು ದೋಹಾ ಕರೆಸಿಕೊಂಡಿತು. ದುಡ್ಡು ಕತಾರಿನ ದೊರೆಯದು. ಅಕ್ಕಪಕ್ಕದ ಅರಬ್ ದೊರೆಗಳ ಮೇಲೆಲ್ಲ ಧೈರ್ಯವಾಗಿ ಮಾತಾಡಿದ ಚಾನೆಲ್ ಸ್ವಂತ ಮನೆಯ ವಿಷಯ ಬಂದಾಗ ದನಿ ತಗ್ಗಿಸುತ್ತದೆ ಅನ್ನುವ ದೂರು ಹಳೆಯದು. ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಜನ ದೋಹಾದಲ್ಲಿದ್ದಾರೆ. ಅಲ್ಲಿಯ ಸುದ್ದಿಯನ್ನು ಅವರು ಎಲ್ಲಿಂದ ತಿಳಿದುಕೊಳ್ಳುತ್ತಾರೆ ಅಂತ ನಾಲ್ಕು ಜನರಿಗೆ ಫೋನ್ ಮಾಡಿ ಕೇಳಿ.

ಚೀನಾ ಸರ್ಕಾರದ ಸುದ್ದಿಸಂಸ್ಥೆ ಶಿನ್ಹುವಾ ಎಷ್ಟು ದೊಡ್ಡದು ಅಂತ ಎರಡು ಪುಟ ಬರೆದಿದ್ದೀರಿ. ಅದರ ವರದಿಗಾರರು ಎರಡು ತರಹದ ಸುದ್ದಿ ಬರೆಯುತ್ತಾರೆ: ಒಂದು ಜನರಿಗೆ, ಇನ್ನೊಂದು ನಾಯಕರು ಮಾತ್ರ ಓದುವ ಒಳವರದಿ. ಹೊರಗೆ ಬರದ ಗಲಭೆ, ಭ್ರಷ್ಟಾಚಾರ ಎರಡನೆಯದರಲ್ಲಿ ಇರುತ್ತದೆ. ಜನರಿಂದ ಮುಚ್ಚಿಟ್ಟದ್ದನ್ನು ಆಳುವವರಿಗೆ ತಲುಪಿಸುವುದು ಅಲ್ಲಿ ಪತ್ರಕರ್ತರ ಕೆಲಸದ ಒಂದು ಭಾಗ. ಎರಡು ಪುಟ ಇದಕ್ಕೆ ಬೇಕಿತ್ತು.

ಲ ಮೊಂದ್ ಕಂತು ಪರವಾಗಿಲ್ಲ. ಹೆಸರನ್ನು ‘ಲೆ ಮಾಂಡೆ’ ಅಂತ ಬರೆದದ್ದನ್ನು ನಾನೇ ತಿದ್ದಿದ್ದೇನೆ. ಮಧ್ಯಾಹ್ನ ಮಾರಾಟಕ್ಕೆ ಬರುವ ಪತ್ರಿಕೆಯ ಮೇಲೆ ಮರುದಿನದ ತಾರೀಖು ಇರುತ್ತದೆ ಅನ್ನುವುದನ್ನು ಸೇರಿಸಿ. 1951ರಿಂದ ಅಲ್ಲಿಯ ಪತ್ರಕರ್ತರ ಸಂಘಕ್ಕೇ ಪತ್ರಿಕೆಯಲ್ಲಿ ಪಾಲು ಸಿಕ್ಕಿತು ಅನ್ನುವುದು ಇನ್ನೂ ಮುಖ್ಯ. ನಮ್ಮಲ್ಲಿ ಯಾವ ಉಪಸಂಪಾದಕನೂ ಕನಸಿನಲ್ಲೂ ಕಾಣದ್ದು ಅದು.

ಸ್ವಿಸ್ ಕಂತಿನಲ್ಲಿ ಮತದಾನದ ವಿಷಯವೇ ಇಲ್ಲವಲ್ಲ! 2018ರ ಮಾರ್ಚ್ 4ರಂದು, ಎಸ್‌ಆರ್‌ಜಿಗೆ ಹೋಗುವ ಟಿವಿ-ರೇಡಿಯೋ ಶುಲ್ಕ ರದ್ದು ಮಾಡೋಣವೇ ಅಂತ ಇಡೀ ದೇಶ ಮತ ಹಾಕಿತು. ಶೇ 71.6ರಷ್ಟು ಜನ ಬೇಡ ಅಂದರು. ಜೇಬಿನಿಂದ ಹೋಗುವ ದುಡ್ಡನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟರೂ ಬೇಡ ಅಂದ ಜನ. ಅಲ್ಲಿ ಅರವತ್ತು ಸಾವಿರದ ಆಸುಪಾಸು ಜನ ಆಡುವ ರೊಮಾನ್ಶ್ ಭಾಷೆಗೂ ರೇಡಿಯೋ, ಟಿವಿ ಇದೆ, ಹೆಚ್ಚಾಗಿ ಜರ್ಮನ್ ಆಡುವವರ ಶುಲ್ಕದಿಂದ. ಇದನ್ನು ಬರೆದರೆ ನಮ್ಮ ತುಳು, ಕೊಡವ ಓದುಗರಿಂದ ಪತ್ರ ಬರುತ್ತದೆ, ನೋಡುತ್ತಿರಿ.

ಫಿನ್ಲೆಂಡಿನ ಯೂಲೆ 1989ರಿಂದ 2019ರವರೆಗೆ ವಾರಕ್ಕೊಮ್ಮೆ ಲ್ಯಾಟಿನ್ನಿನಲ್ಲಿ ಸುದ್ದಿ ಓದುತ್ತಿತ್ತು ಅಂತ ಆವರಣದೊಳಗೆ ಬರೆದಿದ್ದೀರಿ. ಎಂಟು ಕಂತುಗಳಲ್ಲಿ ನಾನು ನಿಂತು ಎರಡು ಸಲ ಓದಿದ್ದು ಇದೊಂದೇ. ಆವರಣ ತೆಗೆದುಬಿಡಿ.

ಇನ್ನೊಂದು ಮಾತು. ಜಗತ್ತೆಲ್ಲ ಸುತ್ತಿದ ಮಾಲೆಯಲ್ಲಿ ನಮ್ಮ ಆಕಾಶವಾಣಿ ಯಾಕಿಲ್ಲ? ಹತ್ತಿರದ್ದನ್ನು ಬರೆಯಲು ಕಷ್ಟ ಅಂತ ಬಿಟ್ಟಿರಾ? ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು ಎಲ್ಲರೂ ಬರೆಯುವ ಕಥೆ. ಅದನ್ನು ಎರಡು ಸಾಲಿನಲ್ಲಿ ಮುಗಿಸಿ. 1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿಯನ್ನು ದೇಶಕ್ಕೆ ತಿಳಿಸಿದ್ದು ಇದೇ ರೇಡಿಯೋದಲ್ಲಿ. ಆಗ ಅದು ನೇರವಾಗಿ ಸಚಿವಾಲಯದ ಕೈಯಲ್ಲಿತ್ತು. ಅದಕ್ಕೆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆಯನ್ನು ಸಂಸತ್ತು 1990ರಲ್ಲಿ ಒಪ್ಪಿತು. ಜಾರಿಗೆ ಬಂದಿದ್ದು 1997ರಲ್ಲಿ. ನಡುವಿನ ಏಳು ವರ್ಷ ದಿಲ್ಲಿಯಲ್ಲಿ ಬೇರೆ ಬೇರೆ ಪಕ್ಷದ ಸರ್ಕಾರಗಳು ಬಂದು ಹೋದವು. ಕಾಯ್ದೆಯನ್ನು ಕಪಾಟಿನಿಂದ ಹೊರಗೆ ತೆಗೆಯಲು ಯಾರಿಗೂ ಅವಸರ ಇರಲಿಲ್ಲ. ಆಕಾಶವಾಣಿಯ ನಿವೃತ್ತ ಸುದ್ದಿವಾಚಕರು, ಕಾರ್ಯಕ್ರಮ ನಿರ್ವಾಹಕರು ನಮ್ಮ ಊರುಗಳಲ್ಲೇ ಇದ್ದಾರೆ. ಅವರ ಜೊತೆ ಕೂತು ಕೇಳಿದರೆ ಇಂಟರ್ನೆಟ್ಟಿನಲ್ಲಿ ಎಲ್ಲೂ ಸಿಗದ ಕಂತು ಸಿಗುತ್ತದೆ.

ನಿಮ್ಮ ಭಾಷೆ ಸರಳವಾಗಿದೆ, ಕಾಗುಣಿತ ತಪ್ಪಿಲ್ಲ. ನಮ್ಮ ಮೇಜಿಗೆ ಬರುವ ಬರಹಗಳಲ್ಲಿ ಇದು ಅಪರೂಪ. ಹಾಗಾಗಿಯೇ ಇಷ್ಟುದ್ದ ಬರೆದೆ. ಎಂಟನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಮೊದಲು ಗ್ರೀಸ್ ಒಂದನ್ನೇ ಹೊಸದಾಗಿ ಬರೆದು ಕಳಿಸಿ, ಎಂಟುನೂರು ಪದದೊಳಗೆ. ಅದು ಸರಿಬಂದರೆ ಬಿಬಿಸಿಗೆ ಹೋಗೋಣ, ಆಮೇಲೆ ಆಕಾಶವಾಣಿ. ಸಂಸ್ಥೆಗಳ ಲೋಗೋ ಚಿತ್ರಗಳನ್ನು ಮಾತ್ರ ಮತ್ತೆ ಲಗತ್ತಿಸಬೇಡಿ, ಮೇಲ್ ತೆರೆಯುವುದೇ ಕಷ್ಟವಾಯಿತು.

ಇಂತಿ,
ಸಂಪಾದಕ