ಕ್ವಾರ್ಟ್ಜ್ ಕಟ್ಟೆ ಮೇಲೆ ಕಾದ ಬಾಣಲೆ ಇಡಬೇಡಿ

ಗ್ರಾನೈಟ್‌ಗೆ ಕಲೆ ಹಿಡಿಯುತ್ತೆ, ಅದಕ್ಕೇ ಅಡುಗೆಮನೆ ಕಟ್ಟೆಗೆ ಬಿಳಿ ಕ್ವಾರ್ಟ್ಜ್ ಹಾಕಿಸ್ತೀನಿ, ಬಾಣಲೆ ಒಲೆಯಿಂದ ಇಳಿಸಿ ಸೀದಾ ಅದರ ಮೇಲೇ ಇಡಬಹುದು ಅಂತ ಬರೆದಿದ್ದೀರಲ್ಲ, ನಾನೂ ಹಾಗೇ ಅಂದುಕೊಂಡು ಕಟ್ಟೆ ಕೆಡಿಸಿಕೊಂಡವನು. ದಯವಿಟ್ಟು ಬೇಡ. ಆ ಸ್ಲ್ಯಾಬಲ್ಲಿ ಸುಮಾರು ಶೇ. 90 ಕಲ್ಲಿನ ಪುಡಿ, ಉಳಿದದ್ದು ರೆಸಿನ್ (ಪುಡಿಯನ್ನ ಹಿಡಿದಿಡೋ ಪ್ಲಾಸ್ಟಿಕ್‌ನಂಥ ಅಂಟು) ಮತ್ತು ಬಣ್ಣ. ಶಾಖಕ್ಕೆ ಸೋಲೋದು ರೆಸಿನ್. 150 ಡಿಗ್ರಿ ಆಸುಪಾಸಿಗೇ ಅದು ಕೆಡೋಕೆ ಶುರು, ಎಣ್ಣೆ ಕಾದ ಬಾಣಲೆ ಅದಕ್ಕಿಂತ ಎಷ್ಟೋ ಬಿಸಿ. ಬಾಣಲೆ ತಳದ ಅಳತೆಗೇ ದುಂಡಗೆ ಹಳದಿ ಗುರುತು ಬೀಳುತ್ತೆ. ಎಷ್ಟು ಉಜ್ಜಿದರೂ ಹೋಗಲ್ಲ, ಮೇಲೆ ಅಂಟಿದ್ದಲ್ಲ ಅದು, ರೆಸಿನ್ನೇ ಸುಟ್ಟಿರೋದು. ಸಿಂಕ್ ಮೂಲೆ ಹತ್ತಿರ ಇಟ್ಟರೆ ಬಿರುಕೂ ಬಿಡಬಹುದು. ಸೈಲ್‌ಸ್ಟೋನ್, ಸೀಸರ್‌ಸ್ಟೋನ್ ಅಂತ ಬ್ರ್ಯಾಂಡ್ ಹೆಸರು ನೋಡಿ ಧೈರ್ಯ ಮಾಡಬೇಡಿ, ಕ್ವಾರ್ಟ್ಜ್ ಅಂದಮೇಲೆ ರೆಸಿನ್ ಇದ್ದೇ ಇರುತ್ತೆ. ಡೆಕ್ಟಾನ್ ಅನ್ನೋ ಬ್ರ್ಯಾಂಡ್ ಬೇರೆ ಜಾತಿ, ಅದರಲ್ಲಿ ರೆಸಿನ್ ಇಲ್ಲ, ಶಾಖ ತಡೆಯುತ್ತೆ, ಆದರೆ ಅಂಚಿಗೆ ಏಟು ಬಿದ್ದರೆ ಚಕ್ಕೆ ಏಳುತ್ತೆ.

ಗ್ರಾನೈಟ್‌ನ ಬೈಯೋ ಮುಂಚೆ ಪರೀಕ್ಷೆ ಮಾಡಿ. ನೀವು ಆರಿಸಿದ ಸ್ಲ್ಯಾಬ್‌ನದೇ ತುಂಡು ಕೇಳಿ ತನ್ನಿ, ಬೇರೆ ಸ್ಯಾಂಪಲ್ ಬೇಡ. ತೊಳೆದು ಒಂದು ರಾತ್ರಿ ಒಣಗಲಿ. ಮೇಲೆ ಒಂದು ಕಡೆ ನೀರು, ಒಂದು ಕಡೆ ಎಣ್ಣೆ, ಒಂದು ಕಡೆ ನಿಂಬೆ ರಸ, ಒಂದೊಂದೇ ಹನಿ. ನೀರಿನ ಇಲ್ಲವೇ ಎಣ್ಣೆಯ ಜಾಗ ಐದೇ ನಿಮಿಷಕ್ಕೆ ಕಪ್ಪಾದರೆ ಆ ಕಲ್ಲು ಹೀರುತ್ತೆ, ಸೀಲರ್ (ಕಲ್ಲಿನ ರಂಧ್ರ ಮುಚ್ಚೋ ದ್ರವ) ಹಚ್ಚದೆ ಬಳಸಬೇಡಿ. ಅರ್ಧ ಗಂಟೆ ಆದರೂ ಬಣ್ಣ ಬದಲಾಗದಿದ್ದರೆ ಸೀಲರ್ ದುಡ್ಡು ದಂಡ. ನಿಂಬೆ ಹನಿ ಒರೆಸಿ ತುಂಡನ್ನ ಬೆಳಕಿಗೆ ಓರೆ ಹಿಡಿದು ನೋಡಿ: ಅಲ್ಲಿ ಹೊಳಪು ಸತ್ತಿದ್ದರೆ ಅದು ಮಾರ್ಬಲ್ ಜಾತಿ, ಏನಂತ ಹೆಸರಿಟ್ಟು ಮಾರಿದರೂ. ಕ್ವಾರ್ಟ್ಜೈಟ್ (ಕ್ವಾರ್ಟ್ಜ್ ಸ್ಲ್ಯಾಬ್ ಅಲ್ಲ, ನೈಸರ್ಗಿಕ ಗಟ್ಟಿ ಕಲ್ಲು) ಅಂತ ಇದನ್ನೇ ದಾಟಿಸೋರಿದ್ದಾರೆ, ನಿಜವಾದ ಕ್ವಾರ್ಟ್ಜೈಟ್ ಗಾಜಿನ ಮೇಲೆ ಗೀರು ಹಾಕುತ್ತೆ. ಸೀಲರ್ ರಂಧ್ರ ಮುಚ್ಚುತ್ತೆ ಅಷ್ಟೇ, ಹುಳಿ ಕಲ್ಲಿನ ಹೊಳಪು ತಿನ್ನೋದನ್ನ ತಡೆಯಲ್ಲ. ಕಪ್ಪು ಗ್ರಾನೈಟ್ ಆದರೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಬಣ್ಣ ಬಳಿದ ಕಲ್ಲು, ವಾಪಸ್ ಕಳಿಸಿ.

ಕ್ವಾರ್ಟ್ಜ್‌ಗೆ ಮಾತ್ರ ಸೀಲರ್ ಹಚ್ಚಲೇಬೇಡಿ, ಹೀರಿಕೊಳ್ಳದೆ ಮೇಲೇ ಮಬ್ಬಾಗಿ ಕೂರುತ್ತೆ. ಓವನ್ ಕ್ಲೀನರ್, ಪೇಂಟ್ ತೆಗೆಯೋ ದ್ರಾವಣ ತಾಗಿಸಬೇಡಿ. ಬಿಸಿಲು ಬೀಳೋ ಹೊರಗಿನ ಕಟ್ಟೆಗೂ ಕ್ವಾರ್ಟ್ಜ್ ಬೇಡ, ಹಳದಿಯಾಗುತ್ತೆ.

ಇನ್ನೊಂದು, ಮನೆಯೊಳಗೆ ಒಣ ಕಟಿಂಗ್ ಮಾಡೋಕೆ ಬಿಡಬೇಡಿ. ಕ್ವಾರ್ಟ್ಜ್ ಧೂಳಿಂದ ಕಟ್ ಮಾಡೋರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರಬಹುದು. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಸ್ಲ್ಯಾಬ್‌ಗಳನ್ನೇ ನಿಷೇಧಿಸಿತು. ನೀರು ಬಿಟ್ಟುಕೊಂಡು, ಹೊರಗೇ ಕಟ್ ಮಾಡಿಸಿ. ಸಿಂಕ್ ಮತ್ತು ಒಲೆಗೆ ಕೊರೆಯೋ ಒಳಮೂಲೆ ಚೂಪಾಗಿರದೆ ದುಂಡಗಿರಲಿ, ಬಿರುಕು ಶುರುವಾಗೋದೇ ಅಲ್ಲಿಂದ. ಎರಡು ಸ್ಲ್ಯಾಬ್ ಕೂಡೋ ಜಾಯಿಂಟ್ ಅಂತೂ ಸಿಂಕ್ ಮೇಲೆ ಬರಬಾರದು.