ಪ್ರತಿಕ್ರಿಯೆ: 'ಪೆರೂಸ್' ಎಂದರೆ ಆಳವಾದ ಓದೇ?

ಕಚೇರಿ ಪತ್ರದಲ್ಲಿ ಬರುವ 'ಫಾರ್ ಯುವರ್ ಪೆರೂಸಲ್' ಎಂಬುದರಲ್ಲಿ ಪೆರೂಸ್ ಎಂದರೆ ಗಮನವಿಟ್ಟು ಓದುವುದೋ, ಸುಮ್ಮನೆ ಕಣ್ಣಾಡಿಸುವುದೋ ಎಂದು ತಾವು ಕೇಳಿದ್ದೀರಿ. ಎರಡೂ ಅರ್ಥಗಳು ಬಳಕೆಯಲ್ಲಿವೆ. ಆದರೆ ಔಪಚಾರಿಕ ಬರಹದಲ್ಲಿ ಮೊದಲನೆಯದನ್ನೇ ಹಿಡಿಯುವುದು ಸರಿಯೆಂದು ನನ್ನ ಅಭಿಪ್ರಾಯ.

ಈ ಪದ 15ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಾಗ ಅದಕ್ಕೂ ಓದಿಗೂ ಸಂಬಂಧವಿರಲಿಲ್ಲ. 'ಪೂರ್ತಿಯಾಗಿ' ಎಂಬ ಅರ್ಥದ ಲ್ಯಾಟಿನ್ ಮೂಲದ 'ಪರ್' ಪ್ರತ್ಯಯವು 'ಯೂಸ್' ಎಂಬುದಕ್ಕೆ ಸೇರಿ, ಬಳಸಿ ಬಳಸಿ ಸವೆಸುವುದು ಎಂಬ ಅರ್ಥ ಕೊಡುತ್ತಿತ್ತು. ಒಂದೊಂದಾಗಿ ಪರಿಶೀಲಿಸುವುದು, ಪುಟಪುಟವನ್ನೂ ಓದಿ ಮುಗಿಸುವುದು ಎಂಬ ಅರ್ಥಗಳು 16ನೆಯ ಶತಮಾನದಲ್ಲಿ ನೆಲೆಗೊಂಡವು. ಮೇಲುಮೇಲಿನ ಓದಿಗೂ ಇದನ್ನು ಬಳಸುವುದನ್ನು ಹಲವು ಬಳಕೆ ಕೈಪಿಡಿಗಳು ಒಪ್ಪುವುದಿಲ್ಲ, ಆದರೂ ಇಂದಿನ ನಿಘಂಟುಗಳು ಆ ಅರ್ಥವನ್ನೂ ದಾಖಲಿಸುತ್ತವೆ.

ನಮ್ಮ ಬೆಂಗಳೂರಿನ ಸರ್ಕಾರಿ ಕಡತಗಳಲ್ಲಿ ಇದೇ ಸ್ಥಾನದಲ್ಲಿ 'ತಮ್ಮ ಅವಗಾಹನೆಗಾಗಿ' ಎಂದು ಬರೆಯುತ್ತಾರೆ. ಅವಗಾಹನವೆಂದರೆ ನೀರಿನಲ್ಲಿ ಮುಳುಗುವುದು. ವಿಷಯದೊಳಗೆ ಮುಳುಗಿ ನೋಡಿರೆಂದು ಕೋರುವ ಈ ಪದ ಇಂಗ್ಲಿಷಿನದಕ್ಕಿಂತಲೂ ಚೆಲುವಾಗಿದೆ, ಮತ್ತು ಅದನ್ನು ನಾವು ಕೈಬಿಡಬಾರದು. ಬರಿಯ ಮೇಲ್ನೋಟವನ್ನೇ ಸೂಚಿಸಬೇಕಿದ್ದರೆ ಇಂಗ್ಲಿಷಿನಲ್ಲಿ 'ಸ್ಕಿಮ್', ಕನ್ನಡದಲ್ಲಿ 'ಕಣ್ಣು ಹಾಯಿಸು' ಎಂದು ಬರೆದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.