ಲಂಡನ್ನಿನ ಕ್ಯೂ ಉದ್ಯಾನದ ಚಳಿಗಾಲದ ದೀಪಾಲಂಕಾರಕ್ಕೆ ವಯಸ್ಸಾದವರನ್ನು ಕರೆದೊಯ್ಯಬಹುದೇ?

ಮೊಣಕಾಲು ನೋವಿರುವ, ಎಪ್ಪತ್ತು ದಾಟಿದ ತಾಯಿಯವರನ್ನೂ ಇಬ್ಬರು ಸಣ್ಣ ಮಕ್ಕಳನ್ನೂ ಕರೆದುಕೊಂಡು ಡಿಸೆಂಬರಿನಲ್ಲಿ ಕಾಸರಗೋಡಿನ ಬದಿಯಡ್ಕದಿಂದ ಲಂಡನ್ನಿನ ತಮ್ಮನ ಮನೆಗೆ ಹೊರಟಿರುವ ತಾವು, ಅಲ್ಲಿಯ ಕ್ಯೂ ಸಸ್ಯೋದ್ಯಾನದ ರಾತ್ರಿಯ ದೀಪಾಲಂಕಾರಕ್ಕೆ ಅಷ್ಟು ಹಣ ತೆತ್ತು ಹೋಗುವುದು ಸಾರ್ಥಕವೇ, ಹಗಲಿನಲ್ಲಿ ಒಮ್ಮೆ ಸುತ್ತಿ ಬಂದರೆ ಸಾಲದೇ, ತಾಯಿಯವರಿಗೆ ಅಷ್ಟು ದೂರ ನಡೆಯಲು ಸಾಧ್ಯವೇ, ಇದರಿಂದ ಮರಗಳಿಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಪೆರ್ಲದ ಕಡೆಯ ಅಡಿಕೆ ಕೃಷಿಕ. ಮಗಳು ಅಲ್ಲಿ ನೆಲೆಸಿರುವುದರಿಂದ ಆ ಉದ್ಯಾನವನ್ನು ಹಗಲಿನಲ್ಲೂ ದೀಪದ ಬೆಳಕಿನಲ್ಲೂ ನೋಡುವ ಅವಕಾಶ ನನಗೆ ದೊರೆತಿದೆ. ಖಂಡಿತ ಹೋಗಿ, ಆದರೆ ಗಿಡಮರಗಳನ್ನು ನೋಡಿ ತಿಳಿಯುವ ಆಸೆಯಿಂದ ರಾತ್ರಿ ಹೋಗಬೇಡಿ. ರಾತ್ರಿ ಅಲ್ಲಿ ಕಾಣುವುದು ಮರಗಳ ಆಕಾರ ಮಾತ್ರ. ಹೆಸರಿನ ಫಲಕವನ್ನು ಓದುವಷ್ಟು ಬೆಳಕೂ ಇರುವುದಿಲ್ಲ. ತಾಯಿಯವರಿಗೆ ಗಿಡಗಳೆಂದರೆ ಪ್ರಾಣ ಎಂದು ಬರೆದಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದೇ ಟಿಕೆಟಿಗೆ ಹಣ ಹೊಂದುವುದಾದರೆ ಅವರಿಗೆ ಹಗಲಿನದ್ದನ್ನೂ ಮಕ್ಕಳಿಗೆ ರಾತ್ರಿಯದ್ದನ್ನೂ ಕೊಡಿಸಿ.

ಇಂಥ ಪ್ರದರ್ಶನವನ್ನು ಚಳಿಗಾಲದಲ್ಲೇ ಏಕೆ ಇಡುತ್ತಾರೆ ಎಂಬುದು ಗೊತ್ತಿದ್ದರೆ ನೋಡುವಾಗ ಹೆಚ್ಚು ಸಂತೋಷವಾಗುತ್ತದೆ. ಕಾಸರಗೋಡು ಭೂಮಧ್ಯರೇಖೆಯಿಂದ ಸುಮಾರು 12.5 ಡಿಗ್ರಿ ಉತ್ತರದಲ್ಲಿದೆ, ಲಂಡನ್ 51.5 ಡಿಗ್ರಿಯಲ್ಲಿದೆ. ಹಾಗಾಗಿ ಡಿಸೆಂಬರಿನ ನಡುವೆ ನಮ್ಮಲ್ಲಿ ಸಂಜೆ ಆರು ದಾಟಿದ ಮೇಲೆ ಮುಳುಗುವ ಸೂರ್ಯ ಅಲ್ಲಿ ನಾಲ್ಕು ಗಂಟೆ ಆಗುವ ಮೊದಲೇ ಮುಳುಗಿರುತ್ತಾನೆ; ಐದು ಗಂಟೆಗೆ ಕತ್ತಲು ಪೂರ್ಣವಾಗುವುದರಿಂದ ಸಣ್ಣ ಮಕ್ಕಳೂ ನಿದ್ದೆಗೆಡದೆ ದೀಪಗಳನ್ನು ನೋಡಿ ಊಟದ ಹೊತ್ತಿಗೆ ಮನೆ ಸೇರಬಹುದು. ಇನ್ನೊಂದು ಕಾರಣ ಎಲೆ ಉದುರುವುದು. ಓಕ್, ಬೀಚ್, ಲೈಮ್ (ನಿಂಬೆಯಲ್ಲ, ಲಿಂಡೆನ್ ಎಂಬ ದೊಡ್ಡ ಮರ) ಮೊದಲಾದ ಮರಗಳು ಆಗ ಬಹುತೇಕ ಬೋಳಾಗಿರುತ್ತವೆ, ಆದ್ದರಿಂದ ಬುಡದಲ್ಲಿಟ್ಟ ದೀಪದ ಬೆಳಕು ಕಾಂಡವನ್ನು ಹತ್ತಿ, ಕವಲುಗಳಲ್ಲಿ ಹಂಚಿಕೊಂಡು, ತುದಿಯ ಕಡ್ಡಿಗಳವರೆಗೂ ಹರಿಯುತ್ತದೆ. ನಮ್ಮ ಅಡಿಕೆ ಮರಕ್ಕೆ ಹೀಗೆ ದೀಪ ಹಾಕಿದರೆ ಬೆಳಕು ನೇರವಾಗಿ ಮೇಲೇರಿ ಸೋಗೆಯಲ್ಲಿ ಕಳೆದುಹೋಗುತ್ತದೆ, ಹಲಸಿನ ಮರಕ್ಕೆ ಹಾಕಿದರೆ ಕೆಳಗಿನ ಎಲೆಗಳೇ ಅದನ್ನು ನುಂಗುತ್ತವೆ. ಒದ್ದೆ ತೊಗಟೆಯ ಮೇಲೆ ಬಣ್ಣ ಬದಲಾಗುವುದನ್ನು ಹತ್ತಿರ ನಿಂತು ನೋಡಬೇಕು. ಬರ್ಚ್ ಮರದ ಬಿಳಿ ಸಿಪ್ಪೆ ಯಾವ ಬಣ್ಣವನ್ನು ಹಾಕಿದರೂ ಅದನ್ನೇ ಹಿಂದಿರುಗಿಸುತ್ತದೆ. ಸೂಚಿಪರ್ಣಿ ಮರಗಳು ಮಾತ್ರ ಎಷ್ಟು ದೀಪ ಇಟ್ಟರೂ ಕಪ್ಪಾಗಿಯೇ ಉಳಿಯುತ್ತವೆ.

ಕ್ಯೂನಲ್ಲಿ ಈ ಪ್ರದರ್ಶನ ಆರಂಭವಾದದ್ದು 2013ರಲ್ಲಿ. ನವೆಂಬರ್ ನಡುವಿನಿಂದ ಜನವರಿಯ ಮೊದಲ ದಿನಗಳವರೆಗೆ, ಸುಮಾರು ಮೂರು ಕಿಲೋಮೀಟರ್ ಉದ್ದದ ಗುರುತು ಮಾಡಿದ ದಾರಿಯಲ್ಲಿ ಜನರನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತಾರೆ. ಸಣ್ಣ ದೀಪಗಳನ್ನು ಕಮಾನಿನಂತೆ ಪೋಣಿಸಿದ ಸುರಂಗದೊಳಗೆ ಎಲ್ಲರೂ ಫೋಟೊಕ್ಕಾಗಿ ನಿಲ್ಲುವುದರಿಂದ ಅಲ್ಲಿ ನೂಕುನುಗ್ಗಲು. ನನಗೆ ಅದಕ್ಕಿಂತ ಇಷ್ಟವಾದದ್ದು ನಿಜವಾದ ಬೆಂಕಿಯ ದೀಪಗಳನ್ನಿಟ್ಟ ತೋಟ, ಏಕೆಂದರೆ ವಿದ್ಯುದ್ದೀಪಗಳ ನಡುವೆ ಗಾಳಿಗೆ ಬಾಗುವ ಜ್ವಾಲೆ ಕಂಡಾಗ ಕಣ್ಣಿಗೆ ಒಂದು ಬಿಡುವು ಸಿಗುತ್ತದೆ, ಕೈಯನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬಹುದು. ಪಾಮ್ ಹೌಸ್ ಎಂಬ ದೊಡ್ಡ ಗಾಜಿನ ಮನೆಯ ಎದುರಿನ ಕೊಳದ ಬಳಿ ಬೆಳಕಿನ ಕಿರಣಗಳನ್ನು ನೀರಿನ ಮೇಲೂ ಗಾಜಿನ ಮೇಲೂ ಸಂಗೀತಕ್ಕೆ ಹೊಂದಿಸಿ ಆಡಿಸುತ್ತಾರೆ. ಎಲ್ಲಕ್ಕಿಂತ ಭವ್ಯವಾದದ್ದು ಇದೇ. ಧ್ವನಿವರ್ಧಕಗಳ ಅಬ್ಬರ ಮಾತ್ರ ಕೆಲವೆಡೆ ಅತಿಯಾಯಿತೆಂದು ನನ್ನ ದೂರು. ಮಿಣಮಿಣ ಹೊತ್ತಿ ಆರುವ ದೀಪಗಳು ಕೆಲವು ಕಡೆ ಇರುವುದರಿಂದ ಅಪಸ್ಮಾರದ ತೊಂದರೆ ಇರುವವರಿದ್ದರೆ ಮೊದಲೇ ವಿಚಾರಿಸುವುದು ಒಳ್ಳೆಯದು.

ಹಗಲಿನ ಭೇಟಿಯನ್ನು ನಾನು ಒತ್ತಿ ಹೇಳುವುದಕ್ಕೆ ನಮ್ಮ ಊರಿಗೇ ಸಂಬಂಧಿಸಿದ ಕಾರಣವಿದೆ. ಹೆನ್ರಿ ವಿಕ್ಹ್ಯಾಮ್ ಎಂಬಾತ 1876ರಲ್ಲಿ ಬ್ರೆಜಿಲಿನಿಂದ ತಂದ ಸುಮಾರು 70,000 ರಬ್ಬರ್ ಬೀಜಗಳನ್ನು ಮೊಳಕೆಗೆ ಹಾಕಿದ್ದು ಇದೇ ಕ್ಯೂನಲ್ಲಿ. ಮೊಳೆತವು ಸ್ವಲ್ಪವೇ ಆದರೂ ಆ ಸಸಿಗಳು ಹಡಗು ಹತ್ತಿ ಸಿಲೋನಿಗೆ ಬಂದವು, ಏಷ್ಯಾದ ರಬ್ಬರ್ ತೋಟಗಳಿಗೆ ಮೂಲವಾದವು. ನಮ್ಮ ಗುಡ್ಡಗಳಲ್ಲಿ ಬೆಳಿಗ್ಗೆ ಎದ್ದು ಟ್ಯಾಪಿಂಗ್ ಮಾಡುವ, ಅಂದರೆ ತೊಗಟೆ ಗೀರಿ ಹಾಲಿಳಿಸುವ, ರಬ್ಬರ್ ಮರಗಳ ಹಿಂದೆ ಇಂಥದೊಂದು ಪ್ರಯಾಣವಿದೆ ಎಂದು ತಿಳಿದರೆ ತಾಯಿಯವರಿಗೆ ಆ ಜಾಗ ಪರದೇಶವೆನಿಸದು. 1759ರಲ್ಲಿ ಆರಂಭವಾಗಿ, 2003ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ ಗುರುತಿಸಿದ ಈ ಉದ್ಯಾನದ ಪಾಮ್ ಹೌಸನ್ನು 1844ರಿಂದ 1848ರ ನಡುವೆ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದರು. ಹೊರಗಿನ ಚಳಿಯಿಂದ ಒಳಗೆ ಕಾಲಿಟ್ಟೊಡನೆ ಕನ್ನಡಕದ ಮೇಲೆ ಮಂಜು ಕವಿಯುತ್ತದೆ; ಅದನ್ನು ಒರೆಸಿಕೊಂಡು ತಲೆ ಎತ್ತಿದರೆ ತಾಳೆ ಜಾತಿಯ ಮರಗಳೂ ಬಾಳೆಯೂ ಕಾಣುತ್ತವೆ. ದಕ್ಷಿಣ ಆಫ್ರಿಕಾದಿಂದ 1775ರಲ್ಲಿ ತಂದ, ನೋಡಲು ತಾಳೆಯಂತಿರುವ ಸೈಕಾಡ್ ವರ್ಗದ ಒಂದು ಗಿಡ ಇಂದಿಗೂ ಕುಂಡದಲ್ಲೇ ಬದುಕಿದೆ. ಈ ಹಳೆಯ ಕಟ್ಟಡವನ್ನು ದುರಸ್ತಿಗಾಗಿ ಕೆಲವು ವರ್ಷ ಮುಚ್ಚುವ ಯೋಜನೆ ಇರುವುದರಿಂದ ತಾವು ಹೋಗುವ ಸಮಯದಲ್ಲಿ ತೆರೆದಿರುತ್ತದೆಯೇ ಎಂದು ತಮ್ಮನವರಲ್ಲಿ ವಿಚಾರಿಸಲು ಹೇಳಿ. ರಾತ್ರಿಯ ದಾರಿ ಗಾಜಿನ ಮನೆಗಳ ಹೊರಗಿನಿಂದಲೇ ಹಾದುಹೋಗುತ್ತದೆ.

ಹಗಲಿನ ಟಿಕೆಟ್ ರಾತ್ರಿಗೆ ನಡೆಯುವುದಿಲ್ಲ. ವಾರ್ಷಿಕ ಸದಸ್ಯರೂ ದೀಪಾಲಂಕಾರಕ್ಕೆ ಬೇರೆಯೇ ಟಿಕೆಟ್ ಪಡೆಯಬೇಕು. ದಿನ ಮತ್ತು ಪ್ರವೇಶದ ಸಮಯ ಟಿಕೆಟಿನಲ್ಲೇ ನಿಗದಿಯಾಗಿರುತ್ತದೆ. ವಾರಾಂತ್ಯ ಮತ್ತು ಕ್ರಿಸ್ಮಸ್ ಹತ್ತಿರದ ದಿನಗಳಲ್ಲಿ ಬೆಲೆ ಹೆಚ್ಚು, ಜನವೂ ಹೆಚ್ಚು. ತಾವು ಡಿಸೆಂಬರಿನ ಮೊದಲ ವಾರಗಳಲ್ಲೇ ಅಲ್ಲಿರುವುದಾದರೆ ಸೋಮವಾರದಿಂದ ಗುರುವಾರದ ನಡುವೆ, ಸಂಜೆಯ ಮೊದಲ ಸರದಿಯನ್ನೇ ಆರಿಸಿಕೊಳ್ಳಿ. ಲಂಡನ್ ನಗರ ರೈಲಿನ ಡಿಸ್ಟ್ರಿಕ್ಟ್ ಲೈನ್ ಹಿಡಿದು ಕ್ಯೂ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದರೆ ಉದ್ಯಾನದ ವಿಕ್ಟೋರಿಯಾ ಗೇಟು ಕೆಲವೇ ನಿಮಿಷಗಳ ನಡಿಗೆ.

ತಾಯಿಯವರ ವಿಷಯ. ದಾರಿ ಬಹುತೇಕ ಸಮತಟ್ಟಾಗಿದೆ, ಗಾಲಿಕುರ್ಚಿ ಸರಾಗವಾಗಿ ಸಾಗುತ್ತದೆ. ಆದರೆ ನಿಂತು ನೋಡುತ್ತಾ ಹೋದರೆ ಒಂದೂವರೆ ಗಂಟೆಯಿಂದ ಎರಡು ಗಂಟೆ ಹಿಡಿಯುವುದರಿಂದ, ಮನೆಯೊಳಗೆ ಸರಿಯಾಗಿಯೇ ನಡೆಯುವವರಿಗೂ ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿಯಬಹುದು. ಸಂಕೋಚಪಡದೆ ಗಾಲಿಕುರ್ಚಿಯ ಏರ್ಪಾಡು ಮಾಡಿಕೊಳ್ಳಿ. ಕುರ್ಚಿಯಲ್ಲಿ ಕುಳಿತವರಿಗೆ ನಡೆಯುವವರಿಗಿಂತ ಹೆಚ್ಚು ಚಳಿಯಾಗುತ್ತದೆ ಎಂಬುದನ್ನೂ ಗಮನದಲ್ಲಿಡಿ, ಏಕೆಂದರೆ ಮೈಗೆ ಚಲನೆ ಇರುವುದಿಲ್ಲ. ನಮ್ಮ ಕಡೆ ರಾತ್ರಿಯ ಬಯಲಾಟಕ್ಕೆ ಹೊದ್ದುಕೊಂಡು ಹೋಗುವ ಶಾಲು ಅಲ್ಲಿ ಯಾವ ಮೂಲೆಗೂ ಸಾಲದು. ಸೀರೆಯ ಒಳಗೆ ಮೈಗಂಟುವ ಉಣ್ಣೆಯ ಉಡುಪು, ಎರಡು ಜೊತೆ ಕಾಲುಚೀಲ, ಮುಚ್ಚಿದ ಶೂ, ಕಿವಿ ಮುಚ್ಚುವ ಟೊಪ್ಪಿ, ತೊಡೆಯ ಮೇಲೆ ಒಂದು ದಪ್ಪ ಕಂಬಳಿ ಇರಲಿ. ಚಪ್ಪಲಿಯ ಮಾತೇ ಬೇಡ. ಮಳೆ ಹನಿದರೂ ಪ್ರದರ್ಶನ ನಿಲ್ಲುವುದಿಲ್ಲ. ಬಿರುಗಾಳಿ ಎದ್ದ ದಿನ ಮಾತ್ರ, ಹಳೆಯ ಮರಗಳ ಕೆಳಗೆ ಜನರನ್ನು ಬಿಡುವುದು ಅಪಾಯವೆಂದು ರದ್ದು ಮಾಡುವುದುಂಟು.

ತಾವು ಸಸ್ಯಾಹಾರಿಗಳೆಂದು ಬರೆದಿರುವುದರಿಂದ ಇನ್ನೊಂದು ಮಾತು. ದಾರಿಯ ತಿಂಡಿಯಂಗಡಿಗಳಲ್ಲಿ ಮಕ್ಕಳು ಮೊದಲು ಕೇಳುವುದು ಕೆಂಡದ ಮೇಲೆ ಸುಟ್ಟು ತಿನ್ನುವ ಮಾರ್ಷ್‌ಮೆಲ್ಲೊ ಎಂಬ ಮೆತ್ತನೆಯ ಮಿಠಾಯಿ. ಅದಕ್ಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಸೇರಿಸಿರುತ್ತಾರೆ, ಆದ್ದರಿಂದ ಸಸ್ಯಾಹಾರಿ ಬಗೆ ಇದೆಯೇ ಎಂದು ಕೇಳಿಯೇ ಕೊಡಿಸಿ. ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಕುದಿಸಿದ ಪಾನೀಯದ ಪರಿಮಳ ದೂರದಿಂದಲೇ ಬರುತ್ತದೆ, ಕಷಾಯವೆಂದು ತಾಯಿಯವರು ಆಸೆಪಟ್ಟಾರು; ಅದು ದ್ರಾಕ್ಷಾರಸದ ಮದ್ಯ. ಬಿಸಿ ಚಾಕೊಲೇಟ್ ಇರುತ್ತದೆ. ಮನೆಯಿಂದ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಒಯ್ದರೆ ಇನ್ನೂ ಉತ್ತಮ.

ಮರಗಳಿಗೆ ತೊಂದರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಗಲು ಕಿರಿದಾಗುವುದನ್ನು ಗ್ರಹಿಸಿಯೇ ಆ ಮರಗಳು ಎಲೆ ಉದುರಿಸಿ ವಿಶ್ರಾಂತಿಗೆ ಇಳಿಯುತ್ತವೆ; ಬೀದಿದೀಪದ ಪಕ್ಕದ ಕೊಂಬೆಗಳಲ್ಲಿ ಎಲೆಗಳು ತಡವಾಗಿ ಉದುರುವುದೂ ಇದೇ ಕಾರಣದಿಂದ. ಆದರೆ ಈ ದೀಪಗಳು ಹೊತ್ತುವ ವೇಳೆಗೆ ಮರಗಳು ಬಹುತೇಕ ಎಲೆ ಕಳೆದುಕೊಂಡು ಆಳವಾದ ಸುಪ್ತಾವಸ್ಥೆಯಲ್ಲಿರುತ್ತವೆ, ವಸಂತದ ಚಿಗುರು ಏಳುವ ಬಹಳ ಮೊದಲೇ ದೀಪಗಳನ್ನು ಕಳಚಿರುತ್ತಾರೆ, ಎಲ್‌ಇಡಿ ದೀಪಗಳಿಂದ ಹೊಮ್ಮುವ ಬಿಸಿಯೂ ಅತ್ಯಲ್ಪ. ರಾತ್ರಿ ಹಾರುವ ಹುಳಗಳೂ ಆ ಚಳಿಯಲ್ಲಿ ವಿರಳ, ಬಾವಲಿಗಳು ಶಿಶಿರನಿದ್ರೆಯಲ್ಲಿರುತ್ತವೆ. ಇದನ್ನೇ ನಮ್ಮೂರಿನಲ್ಲಿ, ಮಾವು ಹೂ ಬಿಡುವ ಅದೇ ಡಿಸೆಂಬರಿನಲ್ಲಿ, ರೆಸಾರ್ಟಿನ ಮರಗಳಿಗೆಲ್ಲ ವರ್ಷವಿಡೀ ದೀಪ ಸುತ್ತುವವರು ಮಾದರಿಯಾಗಿ ತೋರಿಸಿದರೆ ನಾನು ಒಪ್ಪುವುದಿಲ್ಲ; ನಮ್ಮ ಮರಗಳಿಗೆ ಆಗ ನಿದ್ದೆಯೂ ಇಲ್ಲ, ಹುಳಗಳಿಗೆ ಬಿಡುವೂ ಇಲ್ಲ.

ಜನಜಂಗುಳಿ ತಮಗೆ ಒಗ್ಗದಿದ್ದರೆ ಸಸೆಕ್ಸಿನ ವೇಕ್‌ಹರ್ಸ್ಟ್ ಎಂಬ ಕ್ಯೂನದೇ ಇನ್ನೊಂದು ತೋಟದಲ್ಲಿ ಚಳಿಗಾಲದಲ್ಲಿ ಗೂಡುದೀಪಗಳ ದಾರಿ ಇರುತ್ತದೆ. 35 ಮೀಟರಿಗೂ ಎತ್ತರದ ಜೀವಂತ ರೆಡ್‌ವುಡ್ ಮರವೊಂದಕ್ಕೆ ಅಲ್ಲಿ ದೀಪ ಕಟ್ಟುತ್ತಾರೆ. ಅಲ್ಲಿಗೆ ಕಾರು ಇದ್ದರೆ ಅನುಕೂಲ, ನೆಲ ಏರುತಗ್ಗಿನದ್ದು. ತಾಯಿಯವರು ಜೊತೆಗಿರುವಾಗ ಕ್ಯೂ ಸಾಕು.